ಅಭಿಮಾನವೂ ಸಾಕ್ಷಿ ನುಡಿಯಬೇಕು

2015ರ ನವೆಂಬರ್ 14ರಂದು ಲಂಡನ್ನಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಎರಡು ಉದ್ಘಾಟನೆ ಮಾಡಿದರು. ಒಂದು, ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ಬಸವೇಶ್ವರರ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು ಹಿಂದೆ ಬಿದ್ದು ಆಗುಮಾಡಿಸಿದ ಕೆಲಸ ಅದು. ಕನ್ನಡಿಗರ ಗಮನವೆಲ್ಲ ಸಹಜವಾಗಿಯೇ ಅದರ ಮೇಲಿತ್ತು. ಇನ್ನೊಂದು ಉದ್ಘಾಟನೆ ಊರಿನ ಉತ್ತರ ಭಾಗದಲ್ಲಿ, ಪ್ರಿಮ್‌ರೋಸ್ ಹಿಲ್ ಬಡಾವಣೆಯ ಕಿಂಗ್ ಹೆನ್ರಿಸ್ ರಸ್ತೆಯ ಹತ್ತನೇ ನಂಬರಿನ ಮನೆಯಲ್ಲಿ. 1921–22ರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ವಿದ್ಯಾರ್ಥಿ ಅಲ್ಲಿ ವಾಸವಾಗಿದ್ದರು. ಮಹಾರಾಷ್ಟ್ರ ಸರ್ಕಾರ ಆ ಮನೆಯನ್ನು ಕೊಂಡು ವಸ್ತುಸಂಗ್ರಹಾಲಯ ಮಾಡಿತ್ತು.

ಪ್ರತಿಮೆ ನಿಲ್ಲಿಸುವ ಮುನ್ನ ಕಾನೂನಿನ ಹಂತಗಳನ್ನೆಲ್ಲ ದಾಟಲಾಗಿತ್ತು. ಲಂಡನ್ನಿನ ಸಾರ್ವಜನಿಕ ಜಾಗದಲ್ಲಿ ಪ್ರತಿಮೆ ನಿಲ್ಲಿಸುವುದಕ್ಕೆ 1854ರಷ್ಟು ಹಳೆಯ ಕಾಯ್ದೆಯೇ ಇದೆ. ಮನೆಯ ವಿಷಯದಲ್ಲಿ ಮಾತ್ರ ಒಂದು ಕಾಗದ ಬಾಕಿ ಉಳಿದಿತ್ತು. ವಾಸದ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಬಳಸಲು ಸ್ಥಳೀಯ ಆಡಳಿತವಾದ ಕ್ಯಾಮ್ಡೆನ್ ಕೌನ್ಸಿಲ್ ಅನುಮತಿ ಕೊಡಬೇಕು. ಆ ಅನುಮತಿ ಪಡೆಯದೆಯೇ ಬಾಗಿಲು ತೆರೆದದ್ದಾಯಿತು. 2018ರ ಫೆಬ್ರವರಿಯಲ್ಲಿ, ಅಂದರೆ ಎರಡು ವರ್ಷಕ್ಕೂ ಹೆಚ್ಚು ತಡವಾಗಿ, ಅರ್ಜಿ ಹೋಯಿತು. ಅದೇ ಅಕ್ಟೋಬರಿನಲ್ಲಿ ಕೌನ್ಸಿಲ್ ಅದನ್ನು ತಿರಸ್ಕರಿಸಿತು. ಪ್ರಧಾನಿಯೊಬ್ಬರು ಉದ್ಘಾಟಿಸಿದ ಸ್ಮಾರಕ ಮೂರೇ ವರ್ಷದಲ್ಲಿ ಬಾಗಿಲು ಹಾಕುವ ಸ್ಥಿತಿಗೆ ಬಂತು.

ಅದು ಕೊನೆಗೂ ಉಳಿಯಿತು. ಹೇಗೆ ಉಳಿಯಿತು ಎಂಬುದನ್ನು ನಾವು ಕರ್ನಾಟಕದಲ್ಲಿ ಕೂತು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮಲ್ಲೂ ಕವಿಮನೆಗಳಿವೆ, ಸ್ಮಾರಕ ಭವನಗಳಿವೆ. ಅವುಗಳ ಬಗ್ಗೆ ನಮಗಿರುವ ಅಭಿಮಾನ ದೊಡ್ಡದು, ಕಡತ ತೀರಾ ತೆಳು.

ಸಾಲ ತಂದು ಓದಿದ ದಿನಗಳು

ಅಂಬೇಡ್ಕರ್ ಮೊದಲ ಸಲ ಲಂಡನ್ನಿಗೆ ಬಂದದ್ದು 1916ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಓದು ಮುಗಿಸಿಕೊಂಡು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಸೇರಿದರು, ಬ್ಯಾರಿಸ್ಟರ್ ಆಗಲು ಗ್ರೇಸ್ ಇನ್‌ಗೂ ಹೆಸರು ಬರೆಸಿದರು. ಆದರೆ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದಿತ್ತು; 1917ರಲ್ಲಿ ಓದನ್ನು ನಡುವೆಯೇ ಬಿಟ್ಟು ಊರಿಗೆ ಮರಳಬೇಕಾಯಿತು. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಇಷ್ಟನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಹಡಗು ಹತ್ತಿದರು.

ಆಮೇಲಿನ ಮೂರು ವರ್ಷಗಳ ಫಲ ಎಲ್ಲರಿಗೂ ಗೊತ್ತಿರುವಂಥದ್ದೇ. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ವಕೀಲಿಕೆಯ ಅರ್ಹತೆ, 1923ರಲ್ಲಿ ಡಿ.ಎಸ್ಸಿ. ರೂಪಾಯಿಯ ಮೌಲ್ಯದ ಕುರಿತ ಅವರ ಪ್ರಬಂಧ ಅದೇ ವರ್ಷ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಎಂಬ ಪುಸ್ತಕವಾಗಿ ಬಂತು. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಂನ ವಾಚನಾಲಯ ಮತ್ತು ಇಂಡಿಯಾ ಆಫೀಸ್ ಗ್ರಂಥಾಲಯ. ರಾತ್ರಿ ಬಾಡಿಗೆ ಕೋಣೆಯಲ್ಲಿ ಮತ್ತೆ ಓದು. ಹೊಟ್ಟೆಗೆ ಸಾಲದ ಊಟ ಹಾಕುತ್ತಿದ್ದ ಮನೆಯೊಡತಿ, ಹಸಿವು ತಡೆಯದ ರಾತ್ರಿಗಳಲ್ಲಿ ಸುಟ್ಟುಕೊಂಡು ತಿಂದ ಹಪ್ಪಳ, ಇವೆಲ್ಲ ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಸಿಗುತ್ತವೆ. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆಯೇ ಕೂರಬೇಕಿದ್ದ ಹುಡುಗನೊಬ್ಬ ಸಾಮ್ರಾಜ್ಯದ ರಾಜಧಾನಿಯಲ್ಲಿ ಕೂತು ಆ ಸಾಮ್ರಾಜ್ಯದ ಹಣಕಾಸು ನೀತಿಯನ್ನೇ ಪ್ರಶ್ನಿಸುವ ಪ್ರಬಂಧ ಬರೆದ ಕಾಲ ಅದು.

ಲಂಡನ್ನಿನಲ್ಲಿ ಅವರು ಉಳಿದುಕೊಂಡ ಜಾಗಗಳಲ್ಲಿ ಕಿಂಗ್ ಹೆನ್ರಿಸ್ ರಸ್ತೆಯ ಮನೆಯ ಗೋಡೆಯ ಮೇಲೆ ನೀಲಿ ಫಲಕವಿತ್ತು. ಆದರೆ ಮನೆ ಖಾಸಗಿಯವರದ್ದು. 2014ರಲ್ಲಿ ಅದು ಮಾರಾಟಕ್ಕೆ ಬಂದಾಗ ಮೊದಲು ಎಚ್ಚರಗೊಂಡದ್ದು ದೆಹಲಿಯೂ ಅಲ್ಲ, ಮುಂಬೈಯೂ ಅಲ್ಲ. ಬ್ರಿಟನ್ನಿನ ಅಂಬೇಡ್ಕರ್‌ವಾದಿ ಮತ್ತು ಬೌದ್ಧ ಸಂಘಟನೆಗಳ ಒಕ್ಕೂಟ ಪತ್ರ ಬರೆದು, ಬೆನ್ನು ಹತ್ತಿ, ಇದನ್ನು ಕೊಳ್ಳಿರಿ ಎಂದು ಒತ್ತಾಯಿಸಿತು. ಮಹಾರಾಷ್ಟ್ರ ಸರ್ಕಾರ ಒಪ್ಪಿ, 2015ರಲ್ಲಿ ಸುಮಾರು 31 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಅಂದರೆ ಈ ಮನೆಗೆ ದುಡ್ಡು ಹಾಕಿದ್ದು ಸರ್ಕಾರವಾದರೂ, ಅದನ್ನು ಹುಡುಕಿಕೊಟ್ಟವರು ಜನ. ಮುಂದೆ ಕಷ್ಟ ಬಂದಾಗ ಈ ಸಂಗತಿಯೇ ಕೈ ಹಿಡಿಯಿತು.

ನೆರೆಮನೆಯವರ ದೂರು

ಕ್ಯಾಮ್ಡೆನ್ ಕೌನ್ಸಿಲ್ ಅರ್ಜಿ ತಿರಸ್ಕರಿಸಿದ ಸುದ್ದಿ ಇಲ್ಲಿಗೆ ತಲುಪಿದಾಗ ಅದು ಅಂಬೇಡ್ಕರರಿಗೆ ಆದ ಅವಮಾನವೆಂಬಂತೆ ಕೇಳಿಸಿದ್ದು ಸಹಜ. ಆದರೆ ಕೌನ್ಸಿಲ್ ಕೊಟ್ಟ ಕಾರಣ ಬೇರೆಯದು: ವಾಸಕ್ಕೆ ಲಭ್ಯವಿರುವ ಜಾಗ ಕಡಿಮೆಯಾಗುತ್ತದೆ. ಲಂಡನ್ನಿನಲ್ಲಿ ಮನೆಗಳ ಅಭಾವ ಹಳೆಯ ರೋಗ. ಅದರಲ್ಲೂ ಕ್ಯಾಮ್ಡೆನ್‌ನಂಥ ಕಡೆ ಇರುವ ಮನೆಗಳನ್ನು ಅಂಗಡಿ, ಆಫೀಸು, ಹೋಟೆಲುಗಳಿಗೆ ಬಿಟ್ಟುಕೊಡದೆ ಉಳಿಸಿಕೊಳ್ಳಬೇಕು ಎಂಬುದು ಅಲ್ಲಿನ ಯೋಜನಾ ನೀತಿ. ಅಲ್ಲಿನ ಕಾನೂನಿನಲ್ಲಿ ಪ್ರತಿ ಕಟ್ಟಡಕ್ಕೂ ಒಂದು ಬಳಕೆಯ ವರ್ಗವಿದೆ. ವಾಸದ ಮನೆ ಒಂದು ವರ್ಗ, ವಸ್ತುಸಂಗ್ರಹಾಲಯ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕೇಳಿ ದಾಟಬೇಕು. ಯಾರ ಮನೆ ಎಂಬುದನ್ನು ಈ ನಿಯಮ ಕೇಳುವುದಿಲ್ಲ.

ಇದರ ಜತೆಗೆ ಅದೇ ರಸ್ತೆಯ ಕೆಲವು ನಿವಾಸಿಗಳ ತಕರಾರು ಇತ್ತು. ಜನ ಗುಂಪುಗುಂಪಾಗಿ ಬರುತ್ತಾರೆ, ಬಸ್ಸುಗಳು ನಿಲ್ಲುತ್ತವೆ, ಸದ್ದು ಗದ್ದಲ ಹೆಚ್ಚುತ್ತದೆ, ಶಾಂತವಾಗಿದ್ದ ಬೀದಿ ಹಾಳಾಗುತ್ತದೆ ಎಂಬ ಆತಂಕ. ಇದನ್ನು ಅಸಹನೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಜಯನಗರದ ಅಡ್ಡರಸ್ತೆಯಲ್ಲೋ ಮೈಸೂರಿನ ಜಯಲಕ್ಷ್ಮೀಪುರದಲ್ಲೋ ನಮ್ಮ ಪಕ್ಕದ ಮನೆ ರಾತ್ರೋರಾತ್ರಿ ಪ್ರೇಕ್ಷಣೀಯ ಸ್ಥಳವಾದರೆ ಗೇಟಿನ ಮುಂದೆ ಗಾಡಿ ನಿಲ್ಲಿಸಿದವರ ಮೇಲೆ ನಾವು ಕೂಗಾಡುವುದಿಲ್ಲವೇ? ಮನೆಯನ್ನು ವಸ್ತುಸಂಗ್ರಹಾಲಯ ಮಾಡುವ ಎಲ್ಲ ಪ್ರಯತ್ನಗಳ ಮೂಲಭೂತ ತೊಡಕೇ ಇದು. ಮಹನೀಯರು ಬದುಕಿದ್ದು ಜನವಸತಿಯ ನಡುವೆ. ಸ್ಮಾರಕವೂ ಅಲ್ಲೇ ಇರಬೇಕು. ಬಂದುಹೋಗುವವರಿಗೆ ಅದು ಪುಣ್ಯಸ್ಥಳವಾದರೆ ಅಲ್ಲೇ ಇರುವವರಿಗೆ ದಿನನಿತ್ಯದ ತಲೆನೋವಾಗಬಹುದು.

ಮಹಾರಾಷ್ಟ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. 2019ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು.

ವಿಚಾರಣೆಯ ಕೋಣೆಯಲ್ಲಿ

ಬ್ರಿಟನ್ನಿನ ಈ ಯೋಜನಾ ವಿಚಾರಣೆ ನ್ಯಾಯಾಲಯವನ್ನು ಹೋಲುತ್ತದೆ, ಪೂರ್ತಿ ನ್ಯಾಯಾಲಯವಲ್ಲ. ಕೇಂದ್ರ ಸರ್ಕಾರ ನೇಮಿಸಿದ ಇನ್‌ಸ್ಪೆಕ್ಟರ್ ಒಬ್ಬರು ಎರಡೂ ಕಡೆಯ ವಾದ ಕೇಳುತ್ತಾರೆ. ವಕೀಲರಿರುತ್ತಾರೆ, ಪರಿಣತರು ಹೇಳಿಕೆ ಕೊಡುತ್ತಾರೆ, ಅವರನ್ನು ಪಾಟೀಸವಾಲಿಗೆ ಒಳಪಡಿಸಲಾಗುತ್ತದೆ. ಸಾಮಾನ್ಯ ಜನರೂ ಎದ್ದು ನಿಂತು ಮಾತಾಡಬಹುದು. ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋಗಿ ನೋಡುತ್ತಾರೆ. ಮುಖ್ಯವಾದ ಪ್ರಕರಣಗಳಲ್ಲಿ ಅವರ ವರದಿ ಸಚಿವರ ಮುಂದೆ ಹೋಗುತ್ತದೆ, ತೀರ್ಮಾನ ಸಚಿವರದ್ದು.

ಇಂಥ ಕೋಣೆಯಲ್ಲಿ ಘೋಷಣೆಗೆ ಬೆಲೆಯಿಲ್ಲ. ಅಂಬೇಡ್ಕರ್ ಮಹಾನ್ ವ್ಯಕ್ತಿ ಎಂದಷ್ಟೇ ಹೇಳಿದರೆ, ಅದನ್ನು ನಾವೂ ಒಪ್ಪುತ್ತೇವೆ, ಮುಂದಿನ ಮಾತು ಹೇಳಿ ಎನ್ನುತ್ತಾರೆ. ಉತ್ತರಿಸಬೇಕಾದ ಪ್ರಶ್ನೆಗಳು ಬಹಳ ನಿರ್ದಿಷ್ಟ. ಈ ಮನೆಗೂ ಆ ವ್ಯಕ್ತಿಗೂ ಇರುವ ನಂಟು ಎಷ್ಟು ಗಟ್ಟಿ? ಅವರ ಬದುಕಿನಲ್ಲಿ ಆ ಒಂದೆರಡು ವರ್ಷಗಳ ಪಾತ್ರವೇನು? ಅವರನ್ನು ನೆನೆಯಲು ಬ್ರಿಟನ್ನಿನಲ್ಲಿ ಬೇರೆ ಜಾಗವಿದೆಯೇ? ಯಾರು ಬರುತ್ತಾರೆ, ಹೇಗೆ ಬರುತ್ತಾರೆ, ಬೀದಿಗೆ ಎಷ್ಟು ತೊಂದರೆ? ಒಂದು ವಾಸದ ಮನೆ ಕಳೆದುಕೊಳ್ಳುವ ನಷ್ಟವನ್ನು ತೂಗಬಲ್ಲ ಲಾಭ ಯಾವುದು?

ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಇತಿಹಾಸ ತಜ್ಞರು ಬಂದರು, ಅಂಬೇಡ್ಕರ್‌ವಾದಿ ಸಂಘಟನೆಗಳ ಜನ ಬಂದರು. ಈ ಎರಡನೆಯವರ ಹಿನ್ನೆಲೆ ಸ್ವಲ್ಪ ತಿಳಿದರೆ ಇಡೀ ಪ್ರಕರಣ ಇನ್ನೂ ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ದಲಿತ ಸಮುದಾಯದ ದೊಡ್ಡ ಪಾಲು ಪಂಜಾಬಿನಿಂದ, ಸ್ವಲ್ಪ ಪಾಲು ಮಹಾರಾಷ್ಟ್ರದಿಂದ ಬಂದದ್ದು. 1950, 60ರ ದಶಕಗಳಲ್ಲಿ ಬಂದು ಮಿಡ್‌ಲ್ಯಾಂಡ್ಸ್‌ನ ಎರಕದ ಕಾರ್ಖಾನೆಗಳಲ್ಲಿ ದುಡಿದವರು, ವುಲ್ವರ್‌ಹ್ಯಾಂಪ್ಟನ್‌ನಂಥ ಊರುಗಳಲ್ಲಿ ಬುದ್ಧವಿಹಾರ ಕಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನೂ ತಾರತಮ್ಯದ ಕಾರಣವೆಂದು ಸೇರಿಸಬೇಕೆಂದು ವರ್ಷಗಟ್ಟಲೆ ಹೋರಾಡಿದವರಲ್ಲಿ ಇವರೂ ಇದ್ದರು. ಆ ಹೋರಾಟದಲ್ಲಿ ಬಯಸಿದ ಫಲ ಸಿಗಲಿಲ್ಲ. 2018ರಲ್ಲಿ ಸರ್ಕಾರ ಪ್ರತ್ಯೇಕ ಕಾನೂನು ಬೇಡವೆಂದು ಹಿಂದೆ ಸರಿಯಿತು. ಆದರೆ ಸಮಿತಿಗಳ ಮುಂದೆ ಹೇಗೆ ಮಾತಾಡಬೇಕು, ಸಂಸದರಿಗೆ ಹೇಗೆ ಬರೆಯಬೇಕು, ಸರ್ಕಾರದ ಸಮಾಲೋಚನಾ ಪತ್ರಕ್ಕೆ ಹೇಗೆ ಉತ್ತರಿಸಬೇಕು ಎಂಬ ಅಭ್ಯಾಸ ಕೈಗೂಡಿತ್ತು. ಬಾಬಾಸಾಹೇಬರ ಜಯಂತಿಗೆ ಹೂಹಾರ ತರುವ ಕೈಗಳೇ ವಿಚಾರಣೆಯ ಮೇಜಿನ ಮೇಲೆ ಕಡತ ಇಡಬಲ್ಲವಾಗಿದ್ದವು.

2020ರ ಮಾರ್ಚ್ 12ರಂದು ಸಚಿವ ರಾಬರ್ಟ್ ಜೆನ್ರಿಕ್ ಅನುಮತಿ ನೀಡಿದರು. ಒಂದು ವಾಸದ ಮನೆ ಕಡಿಮೆಯಾಗುವುದು ನಿಜ, ಆದರೂ ಆ ಸ್ಥಳದ ಮಹತ್ವ ಅದಕ್ಕಿಂತ ಮಿಗಿಲು ಎಂಬುದು ತೀರ್ಮಾನದ ಸಾರ. ಹನ್ನೊಂದೇ ದಿನದಲ್ಲಿ, ಮಾರ್ಚ್ 23ಕ್ಕೆ, ಕೊರೊನಾ ಕಾರಣದಿಂದ ಇಡೀ ಬ್ರಿಟನ್ನಿಗೆ ಬೀಗ ಬಿತ್ತು. ಅಷ್ಟರಲ್ಲಿ ಈ ಕಾಗದ ಕೈಗೆ ಸಿಕ್ಕಿದ್ದು ಅದೃಷ್ಟವೇ.

ಇದೇ ವೇಳೆಗೆ ದೆಹಲಿಯ ಇನ್ನೊಂದು ಮನೆಯನ್ನೂ ನೆನೆಯಬೇಕು. ಅಂಬೇಡ್ಕರ್ ಕೊನೆಯುಸಿರೆಳೆದದ್ದು 1956ರ ಡಿಸೆಂಬರ್ 6ರಂದು, ಅಲಿಪುರ ರಸ್ತೆಯ 26ನೇ ನಂಬರಿನ ಬಂಗಲೆಯಲ್ಲಿ. ಇಂದು ಅಲ್ಲಿ ತೆರೆದ ಸಂವಿಧಾನ ಗ್ರಂಥದ ಆಕಾರದ ಭವ್ಯ ರಾಷ್ಟ್ರೀಯ ಸ್ಮಾರಕವಿದೆ. 2018ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ಅವರು ವಾಸವಿದ್ದ ಬಂಗಲೆ ಉಳಿದಿಲ್ಲ. ಲಂಡನ್ನಿನಲ್ಲಿ ಒಂದೆರಡು ವರ್ಷ ತಂಗಿದ್ದ ಬಾಡಿಗೆ ಮನೆ ಗೋಡೆಸಮೇತ ಉಳಿದಿದೆ. ಸರಿಯಾದ ಹೊತ್ತಿಗೆ ಯಾರಾದರೂ ಮಾರಾಟದ ಜಾಹೀರಾತು ನೋಡಿ ಪತ್ರ ಬರೆಯುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಈ ಎರಡು ಮನೆಗಳೇ ಸಾಕು.

ಯಾದವಗಿರಿಯ ಹಾರೆ ಸದ್ದು

ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಇಂಥದ್ದೇ ಒಂದು ಪ್ರಸಂಗ ನಡೆಯಿತು. ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ, ವಿವೇಕಾನಂದ ರಸ್ತೆಯಲ್ಲಿದೆ. ಮಹಡಿಯ ಮೇಲೆ ಸುತ್ತಲೂ ಕಿಟಕಿಗಳಿರುವ ಬರವಣಿಗೆಯ ಕೋಣೆ. 1990ರ ದಶಕದಲ್ಲಿ ಅವರು ಚೆನ್ನೈಗೆ ಹೋದರು, 2001ರಲ್ಲಿ ತೀರಿಕೊಂಡರು. 2011ರ ಸೆಪ್ಟೆಂಬರಿನಲ್ಲಿ ಆ ಮನೆ ಕೆಡವುವ ಕೆಲಸ ಶುರುವಾಯಿತು. ಕಿಟಕಿ, ಬಾಗಿಲು ಕಳಚಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಊರಿನವರು, ಓದುಗರು, ಪರಂಪರೆಯ ಕಾಳಜಿಯುಳ್ಳವರು ದನಿ ಎತ್ತಿದರು; ಆಡಳಿತ ಕೆಲಸ ನಿಲ್ಲಿಸಿತು. ಮೈಸೂರಿನ ಪಾರಂಪರಿಕ ಕಟ್ಟಡಗಳೆಂದರೆ ಅರಮನೆ, ಮಹಲು, ಅರಸರ ಕಾಲದ ಕಚೇರಿಗಳೆಂದೇ ಎಲ್ಲರ ಲೆಕ್ಕ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಎದ್ದ ಮಧ್ಯಮವರ್ಗದ ಮನೆಯೊಂದು ಆ ಲೆಕ್ಕಕ್ಕೆ ಬಂದದ್ದೇ ಹಾರೆ ಏಟು ಬಿದ್ದ ಮೇಲೆ.

ಆಮೇಲಿನ ಐದು ವರ್ಷ ಮಾತುಕತೆ, ಬೆಲೆ ನಿಗದಿ, ಕಡತ ಓಡಾಟದಲ್ಲಿ ಕಳೆಯಿತು. ಎರಡು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಮನೆ ಕೊಂಡು, ದುರಸ್ತಿ ಮಾಡಿಸಿ, 2016ರ ಜುಲೈನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ನಗರಪಾಲಿಕೆ ಇದರ ಹೊಣೆ ಹೊತ್ತಿತು.

ಈ ನಡುವೆ ಎದ್ದ ತಕರಾರನ್ನು ಮುಚ್ಚಿಡುವ ಅಗತ್ಯವಿಲ್ಲ. ಕೆಲವು ಕನ್ನಡ ಲೇಖಕರು ಸಾರ್ವಜನಿಕ ಹಣವನ್ನು ಈ ಮನೆಗೆ ಹಾಕುವುದಕ್ಕೆ ವಿರೋಧ ವ್ಯಕ್ತಪಡಿಸಿದರು. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ಅವರು ಮಾಡಿದ್ದೇನು, ಹಸ್ತಪ್ರತಿಗಳನ್ನೂ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕೊಟ್ಟರಲ್ಲ ಎಂಬುದು ವಾದ. ಈ ವಾದವನ್ನು ನಾನು ಒಪ್ಪುವುದಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದಿ, ಮೈಸೂರಿನ ಬೀದಿಗಳಲ್ಲಿ ದಶಕಗಟ್ಟಲೆ ನಡೆದು, ಆ ನಡಿಗೆಯಿಂದ ಮಾಲ್ಗುಡಿಗೆ ಜನರನ್ನು ಹುಡುಕಿಕೊಂಡವರು ನಾರಾಯಣ್. ಶಂಕರ್‌ನಾಗ್ ಆ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ ಮನೆಮನೆಗೆ ತಂದ ಮೇಲಂತೂ ಅದು ನಮ್ಮ ಊರೇ ಆಗಿಹೋಯಿತು. ಆದರೆ ವಿರೋಧಿಸಿದವರ ಮಾತಿನೊಳಗೆ ಒಂದು ನ್ಯಾಯವಾದ ಪ್ರಶ್ನೆ ಇತ್ತು: ಯಾರ ಮನೆಯನ್ನು ಉಳಿಸಬೇಕು, ಯಾರ ದುಡ್ಡಿನಲ್ಲಿ, ಯಾವ ಅಳತೆಗೋಲಿನಿಂದ? ಕ್ಯಾಮ್ಡೆನ್ ವಿಚಾರಣೆ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಆ ಪ್ರಶ್ನೆಯನ್ನು ಕೂತು ಚರ್ಚಿಸಿ, ಉತ್ತರವನ್ನು ಬರೆದಿಡುವ ವ್ಯವಸ್ಥೆ ಇತ್ತು. ಇಲ್ಲಿ ಪತ್ರಿಕಾ ಹೇಳಿಕೆ, ಪ್ರತಿಹೇಳಿಕೆಗಳಲ್ಲಿ ಅದು ಕರಗಿಹೋಯಿತು. ಹಾಗಾಗಿ ಮೈಸೂರಿನಲ್ಲಿ ಒಂದು ಮನೆ ಉಳಿಯಿತೇ ಹೊರತು, ಮುಂದಿನ ಮನೆಯ ವಿಷಯದಲ್ಲಿ ಹೇಗೆ ನಿರ್ಧರಿಸಬೇಕೆಂಬ ದಾರಿ ಉಳಿಯಲಿಲ್ಲ.

ಉಳಿಸಿದ ಮೇಲೆ ಬರುವ ಖರ್ಚು

ಕೆಡವುವವರಿಂದ ಪಾರಾದ ಮನೆ ಖರ್ಚಿನಿಂದ ಪಾರಾಗಿರುವುದಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿರುವ ಮಾರ್ಕ್ ಟ್ವೇನ್ ಮನೆ ಇದಕ್ಕೆ ಒಳ್ಳೆಯ ಉದಾಹರಣೆ. 1874ರಿಂದ 1891ರವರೆಗೆ ಟ್ವೇನ್ ಕುಟುಂಬ ಅಲ್ಲಿತ್ತು. ಟಾಮ್ ಸಾಯರ್, ಹಕಲ್‌ಬರಿ ಫಿನ್ ಕಥೆಗಳು ಬಂದದ್ದು ಆ ಕಾಲದಲ್ಲೇ. ಅಚ್ಚುಮೊಳೆ ಜೋಡಿಸುವ ಹೊಸ ಯಂತ್ರವೊಂದಕ್ಕೆ ಹಣ ಸುರಿದು ಕೈಸುಟ್ಟುಕೊಂಡ ಲೇಖಕ ಖರ್ಚು ತಗ್ಗಿಸಲು ಮನೆಮಂದಿಯನ್ನು ಕರೆದುಕೊಂಡು ಯುರೋಪಿಗೆ ಹೋದರು. 1896ರಲ್ಲಿ ಹಿರಿಯ ಮಗಳು ಸೂಸಿ ಅದೇ ಮನೆಯಲ್ಲಿ ತೀರಿಕೊಂಡಳು. ಹೆಂಡತಿಗೆ ಆ ಹೊಸಿಲು ಮತ್ತೆ ತುಳಿಯುವ ಧೈರ್ಯ ಬರಲಿಲ್ಲ. 1903ರಲ್ಲಿ ಮನೆ ಮಾರಾಟವಾಯಿತು. ಆಮೇಲೆ ಅದು ಹುಡುಗರ ಶಾಲೆಯಾಯಿತು, ಬಾಡಿಗೆಯ ವಸತಿಗಳಾಗಿ ಹಂಚಿಹೋಯಿತು. 1929ರಲ್ಲಿ ಕೆಡವುವ ಮಾತು ಬಂದಾಗ, ನೆರೆಯಲ್ಲೇ ಬಾಳಿದ್ದ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋ ಅವರ ಮನೆತನದ ಕ್ಯಾಥರೀನ್ ಸೀಮೋರ್ ಡೇ ಊರವರನ್ನು ಒಗ್ಗೂಡಿಸಿ ಹಣ ಎತ್ತಿ ಮನೆ ಉಳಿಸಿದರು. 1974ಕ್ಕೆ, ಮನೆಗೆ ನೂರು ತುಂಬಿದ ವರ್ಷ, ಜೀರ್ಣೋದ್ಧಾರ ಮುಗಿಯಿತು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. 2003ರಲ್ಲಿ ಪಕ್ಕದಲ್ಲೇ ಕೋಟ್ಯಂತರ ಡಾಲರ್ ವೆಚ್ಚದ ಹೊಸ ಕಟ್ಟಡ ಎದ್ದಿತು. ಪ್ರದರ್ಶನಕ್ಕೆ, ಸಭೆಗೆ, ಅಂಗಡಿಗೆ ಜಾಗ ಬೇಕೆಂಬ ಸದುದ್ದೇಶವೇ. ಅದರ ಸಾಲ ಮತ್ತು ನಿರ್ವಹಣೆ ಹಳೆಯ ಮನೆಯನ್ನೇ ಮುಳುಗಿಸಲು ಬಂತು. 2008ರಲ್ಲಿ ಬಾಗಿಲು ಮುಚ್ಚುವ ಮಾತು ಬಹಿರಂಗವಾಗಿಯೇ ಕೇಳಿಬಂದಾಗ ಲೇಖಕರು ಒಟ್ಟಾಗಿ ಬಂದು ನೆರವಿನ ಓದು ನಡೆಸಿದರು. ದಾನಿಗಳು ಕೊಟ್ಟರು, ಸಿಬ್ಬಂದಿ ಕಡಿತವಾಯಿತು, ಮನೆ ಉಳಿಯಿತು. 2011ರಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ಅಲ್ಲಿನ ಉದ್ಯೋಗಿಯೊಬ್ಬರು ವರ್ಷಗಟ್ಟಲೆ ಸಂಬಳದ ಲೆಕ್ಕ ತಿದ್ದಿ ಸುಮಾರು ಹತ್ತು ಲಕ್ಷ ಡಾಲರ್ ನುಂಗಿದ್ದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಒಂದು ಕಡೆ ಜನ ಸಂಕಟಕ್ಕೆ ಮರುಗಿ ದುಡ್ಡು ಕೊಡುತ್ತಿದ್ದರೆ, ಇನ್ನೊಂದು ಕಡೆ ತೂತು ಕೊಡದ ನೀರಿನಂತೆ ಅದು ಸೋರಿಹೋಗುತ್ತಿತ್ತು.

ಮನೆಯ ರೂಪದ ವಸ್ತುಸಂಗ್ರಹಾಲಯಗಳು ಎಲ್ಲೆಡೆ ಹೀಗೆ ತತ್ತರಿಸುವುದಕ್ಕೆ ಸರಳ ಕಾರಣವಿದೆ. ಕೋಣೆಗಳು ಚಿಕ್ಕವು, ಒಂದು ಹೊತ್ತಿಗೆ ಹತ್ತು ಹದಿನೈದು ಜನರಿಗಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗಾಗಿ ಟಿಕೆಟ್ ಹಣಕ್ಕೆ ಮೇಲ್ಮಿತಿ ಇದೆ. ಖರ್ಚಿಗೆ ಮಾತ್ರ ಮಿತಿಯಿಲ್ಲ. ಮರದ ತೊಲೆಗೆ ಗೆದ್ದಲು, ಹೆಂಚಿನ ಸಂದಿಯಲ್ಲಿ ಮಳೆ, ಹಳೆಯ ವೈರಿಂಗು, ಕಾಗದ ಪತ್ರಗಳಿಗೆ ತೇವ. ಕಾವಲುಗಾರನ ಸಂಬಳ ಬೇರೆ. ಅಷ್ಟಲ್ಲದೆ ಒಮ್ಮೆ ನೋಡಿದವರು ಮತ್ತೆ ಬರಲು ಕಾರಣ ಬೇಕು. ಗಾಜಿನ ಪೆಟ್ಟಿಗೆಯೊಳಗಿನ ಕನ್ನಡಕ, ಕೋಟು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ.

ನಮ್ಮ ಮನೆಗಳ ಸರದಿ

ಕುಪ್ಪಳಿಯ ಕವಿಮನೆ ಇದ್ದುದರಲ್ಲಿ ಚೆನ್ನಾಗಿ ನಡೆದ ಮಾದರಿ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದೆ. ಅಲ್ಲಿಗೆ ಹೋದವರು ಕವಿಶೈಲವನ್ನೂ ಹತ್ತಿ ಬರುವುದರಿಂದ ಒಂದು ಮನೆಯ ಭೇಟಿ ಇಡೀ ಪರಿಸರದ ಭೇಟಿಯಾಗುತ್ತದೆ. ಅಂಥ ಕಡೆಯೂ 2015ರ ನವೆಂಬರಿನಲ್ಲಿ ಕಳ್ಳತನ ನಡೆದು ಕವಿಗೆ ಬಂದ ಪದ್ಮ ಪದಕಗಳು ಕಳವಾದವು. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆ ಭವನವಿದೆ, ಪುತ್ತೂರಿನಲ್ಲಿ ಕಾರಂತರ ಬಾಲವನವಿದೆ. ಒಂದೊಂದಕ್ಕೂ ಒಂದೊಂದು ಟ್ರಸ್ಟೋ ಸಮಿತಿಯೋ ಇದೆ. ಬಹುತೇಕ ಎಲ್ಲದರ ಕಣ್ಣೂ ಸರ್ಕಾರದ ವಾರ್ಷಿಕ ಅನುದಾನದ ಮೇಲೆ. ಅದು ಬಂದರೆ ಕಾರ್ಯಕ್ರಮ, ತಡವಾದರೆ ಕಾಯುವುದು.

ಅನುದಾನ ಬೇಡವೆಂದು ನಾನು ಹೇಳುತ್ತಿಲ್ಲ. ಸಂಸ್ಕೃತಿಗೆ ಸರ್ಕಾರ ದುಡ್ಡು ಕೊಡಲೇಬೇಕು. ಆದರೆ ಅನುದಾನ ಕೇಳುವಾಗ ಮುಂದಿಡಲು ಕೈಯಲ್ಲಿ ಏನಿರಬೇಕು ಎಂಬುದನ್ನು ಕಿಂಗ್ ಹೆನ್ರಿಸ್ ರಸ್ತೆ ಕಲಿಸುತ್ತದೆ. ಮೊದಲನೆಯದು, ಮನೆಗೂ ಮನುಷ್ಯನಿಗೂ ಇರುವ ನಂಟಿನ ದಾಖಲೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದರು, ಯಾವ ಕೋಣೆಯಲ್ಲಿ ಏನು ಬರೆದರು, ನೋಡಿದವರು ಯಾರು. ಅದನ್ನು ಹೇಳಬಲ್ಲ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಬೇಕು. ಮೊಬೈಲಿನಲ್ಲಿ ಧ್ವನಿಮುದ್ರಿಸಿದರೂ ಸಾಕು. ಎರಡನೆಯದು, ಆಸ್ತಿಯ ಕಾಗದ. ಮನೆ ಯಾರ ಹೆಸರಿನಲ್ಲಿದೆ, ವಾರಸುದಾರರು ಎಷ್ಟು ಜನ, ವಾಸದ ಮನೆಯನ್ನು ಸಾರ್ವಜನಿಕ ಬಳಕೆಗೆ ಬದಲಾಯಿಸಲು ಪಾಲಿಕೆಯಿಂದಲೋ ಪಂಚಾಯಿತಿಯಿಂದಲೋ ಒಪ್ಪಿಗೆ ಇದೆಯೇ. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರಿದ್ದರೆ ಒಪ್ಪಿಗೆ ಇದ್ದಂತೆ ಎಂಬ ನಂಬಿಕೆ ಲಂಡನ್ನಿನಲ್ಲಿ ಕೈಕೊಟ್ಟಿದೆ, ಇಲ್ಲೂ ಕೊಡಬಹುದು.

ಮೂರನೆಯದು ಲೆಕ್ಕ. ಬಂದವರೆಷ್ಟು, ಬಂದ ಹಣವೆಷ್ಟು, ಹೋದದ್ದೆಲ್ಲಿಗೆ ಎಂಬುದನ್ನು ವರ್ಷಕ್ಕೊಮ್ಮೆ ಬಾಗಿಲ ಪಕ್ಕದ ಹಲಗೆಯ ಮೇಲೆ ಹಾಕಿದರೆ ಮುಂದೊಂದು ದಿನ ಚಂದಾ ಎತ್ತಲು ಹೊರಟಾಗ ಯಾರೂ ಮುಖ ತಿರುಗಿಸುವುದಿಲ್ಲ. ಹಾರ್ಟ್‌ಫರ್ಡ್‌ನವರು ತಡವಾಗಿ ಕಲಿತ ಪಾಠ ಇದು. ನಾಲ್ಕನೆಯದು ಬಳಕೆ. ಜಯಂತಿ, ಪುಣ್ಯತಿಥಿ ಎಂದು ವರ್ಷಕ್ಕೆ ಎರಡು ದಿನ ತೆರೆದು ಉಳಿದ ದಿನ ಧೂಳು ಹಿಡಿಯುವ ಮನೆಗಾಗಿ ಯಾರೂ ಬೀದಿಗೆ ಇಳಿಯುವುದಿಲ್ಲ. ಸಂಜೆ ಮಕ್ಕಳು ಬಂದು ಓದುವ, ಭಾನುವಾರ ನಾಲ್ಕು ಜನ ಸೇರಿ ಗಮಕವನ್ನೋ ನಾಟಕದ ವಾಚನವನ್ನೋ ನಡೆಸುವ, ಊರಿನ ಶಾಲೆ ತನ್ನದೆಂದು ಭಾವಿಸುವ ಮನೆಗೆ ಕಷ್ಟ ಬಂದರೆ ಕರೆಯದೆಯೂ ಜನ ಸೇರುತ್ತಾರೆ.

ಐದನೆಯದನ್ನು ನ್ಯಾಯವಾಗಿ ಮೊದಲೇ ಹೇಳಬೇಕಿತ್ತು: ನೆರೆಹೊರೆ. ನಮ್ಮ ಸ್ಮಾರಕ ಸಮಿತಿಗಳ ಪಟ್ಟಿ ತೆಗೆದು ನೋಡಿ. ಸಾಹಿತಿಗಳಿರುತ್ತಾರೆ, ಅಧಿಕಾರಿಗಳಿರುತ್ತಾರೆ, ಶಾಸಕರು ಪದನಿಮಿತ್ತವಾಗಿ ಇರುತ್ತಾರೆ. ಎದುರುಮನೆಯವರು ಇರುವುದಿಲ್ಲ. ಕ್ಯಾಮ್ಡೆನ್‌ನಲ್ಲಿ ತೊಡಕು ಎದ್ದದ್ದು ಅಂಬೇಡ್ಕರರ ವಿಚಾರ ಒಪ್ಪದವರಿಂದಲ್ಲ. ಗಾಡಿ ನಿಲ್ಲುವ ಜಾಗ, ಸದ್ದು, ಬೀದಿಯ ನೆಮ್ಮದಿ ಇವುಗಳ ಚಿಂತೆ ಇದ್ದವರಿಂದ. ಅವರನ್ನು ಮೊದಲ ದಿನವೇ ಕರೆದು, ಕಾಫಿ ಕೊಟ್ಟು, ಎಷ್ಟು ಹೊತ್ತಿಗೆ ತೆರೆಯಬೇಕು, ಬಸ್ಸು ಎಲ್ಲಿ ನಿಲ್ಲಬೇಕು ಎಂದು ಕೇಳಿದ್ದರೆ ವಿಚಾರಣೆಯ ಅರ್ಧ ಭಾರ ಇಳಿಯುತ್ತಿತ್ತೇನೋ.

1920ರ ದಶಕದ ಕೊನೆಗೆ ಅಂಬೇಡ್ಕರ್ ದಲಿತ ವಿದ್ಯಾರ್ಥಿಗಳಿಗಾಗಿ ತೆರೆಯಿಸಿದ ವಸತಿ ನಿಲಯಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಹಸಿದು ಓದಿದವರು, ಮುಂದಿನವರು ಹಾಗೆ ಹಸಿಯಬಾರದೆಂದು ಮಾಡಿದ ಕೆಲಸ ಅದು. ಪ್ರಿಮ್‌ರೋಸ್ ಹಿಲ್‌ನ ಮನೆಯ ಬಗ್ಗೆ ತಿಳಿದಿರುವಷ್ಟು ಧಾರವಾಡದ ಆ ನಿಲಯದ ಬಗ್ಗೆ ಎಷ್ಟು ಕನ್ನಡಿಗರಿಗೆ ತಿಳಿದಿದೆ? ಪ್ರತಿ ತಾಲ್ಲೂಕಿನಲ್ಲೂ ಇಂಥ ಒಂದೆರಡು ಮನೆಗಳು, ಹಾಸ್ಟೆಲುಗಳು, ಮುದ್ರಣಾಲಯಗಳು ಇವೆ. ಮಾರಾಟದ ಬೋರ್ಡು ಬೀಳುವ ಮುನ್ನ ಅವುಗಳ ಪಟ್ಟಿ ಮಾಡುವುದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಒಂದು ಶಾಲೆ, ಒಬ್ಬ ಮೇಷ್ಟರು, ಒಂದು ನೋಟ್‌ಬುಕ್ ಇದ್ದರೆ ಈ ವರ್ಷವೇ ಶುರು ಮಾಡಬಹುದು.